ಮಾವನವರನ್ನು ಸೊನ್ನೆಗೆ ಮುಟ್ಟಿಸಿದ್ದು

ಲಂಡನ್ ತೋರಿಸುವುದಕ್ಕೆ ಒಬ್ಬ ಗೈಡನ್ನು ಗೊತ್ತು ಮಾಡೋಣ ಎಂದು ನನ್ನ ಹೆಂಡತಿ ಸುವರ್ಣಾ ಹೇಳಿದಾಗ ನನಗಾದ ಅವಮಾನ ಅಷ್ಟಿಷ್ಟಲ್ಲ. ಹನ್ನೊಂದು ವರ್ಷ ಈ ಊರಿನ ನೀರು ಕುಡಿದವನು, ತಪ್ಪದೆ ಕೌನ್ಸಿಲ್ ಟ್ಯಾಕ್ಸ್ ಕಟ್ಟಿದವನು ಮನೆಯಲ್ಲಿ ಜೀವಂತ ಕೂತಿರುವಾಗ, ಅತ್ತೆ ಮಾವನಿಗೆ ಊರು ತೋರಿಸಲು ಬಣ್ಣದ ಛತ್ರಿ ಎತ್ತಿ ಹಿಡಿದು ಓಡುವ ಯಾರೋ ಪರಕೀಯನೇ?

"ಗೈಡ್ ಯಾಕ? ನಾ ಇಲ್ಲೇನು?" ಎಂದೆ.

"ನೀವು ಲಂಡನ್ ನೋಡೀರೇನು?" ಎಂದಳು.

ಇದು ಪ್ರಶ್ನೆಯಲ್ಲ, ಪಿತೂರಿ. ಆದರೂ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಮ್ಮ ಮನೆ ಹೌನ್ಸ್ಲೋದಲ್ಲಿ, ನನ್ನ ಕೆಲಸ ಅಲ್ಲೇ ಪಕ್ಕದ ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ. ಜೋಳದ ಹಿಟ್ಟು ತರಲು ರೇನರ್ಸ್ ಲೇನ್, ಗೆಳೆಯರ ಮಕ್ಕಳ ಹುಟ್ಟುಹಬ್ಬಕ್ಕೆ ಕೊಲಿಂಡೇಲ್. ಇದೇ ನನ್ನ ಲಂಡನ್. ಉಳಿದ ಲಂಡನ್ನನ್ನು ನಾನು ಊರಿಗೆ ಹೋಗುವಾಗಲೆಲ್ಲ ವಿಮಾನ ನಿಲ್ದಾಣದ ಅಂಗಡಿಯಲ್ಲಿ, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟುಗಳಲ್ಲಿ ನೋಡಿದ್ದೆ. ಚೆನ್ನಾಗಿಯೇ ನೋಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಆದರೆ ನನಗೊಂದು ವಿದ್ಯೆ ಇತ್ತು. ಗೋದಾಮಿನಲ್ಲಿ ಯಾವ ಪೆಟ್ಟಿಗೆ ಯಾವ ವಿಮಾನದ ಹೊಟ್ಟೆಗೆ ಎಷ್ಟು ಗಂಟೆಗೆ ಹೋಗಬೇಕು ಎಂದು ಯೋಜನೆ ಹಾಕುವವನು ನಾನು. ಮುಂಬೈಗೆ ಹೋಗಬೇಕಾದ ಪೆಟ್ಟಿಗೆ ನನ್ನ ಕೈಯಲ್ಲಿ ಇಲ್ಲಿಯವರೆಗೂ ನೈರೋಬಿಗೆ ಹೋಗಿಲ್ಲ. ಇಂಥವನಿಗೆ ಅತ್ತೆ, ಮಾವ, ಹೆಂಡತಿ, ಒಂದು ಬುತ್ತಿ ಚೀಲ, ಒಟ್ಟು ನಾಲ್ಕು ನಗಗಳನ್ನು ಒಂದು ದಿನದ ಮಟ್ಟಿಗೆ ಸಾಗಿಸುವುದು ಯಾವ ಲೆಕ್ಕ? ಆಫೀಸಿನ ಕಂಪ್ಯೂಟರಿನಲ್ಲೇ ಪಟ್ಟಿ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡುವುದು, ಹದಿನೈದು ನಿಮಿಷಕ್ಕೊಂದು ಸ್ಥಳ, ಮೂರಕ್ಕೆ ಗ್ರೀನಿಚ್.

ಆ ಗ್ರೀನಿಚ್ ಒಂದೇ ನಿಜವಾದ ವಿಷಯ, ಉಳಿದದ್ದೆಲ್ಲ ಅಲಂಕಾರ. ನನ್ನ ಮಾವ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳದ ಮೇಷ್ಟ್ರಾಗಿದ್ದವರು. ಪ್ರತಿ ಜೂನಿನಲ್ಲೂ ಗೋಲವನ್ನು ಮೇಜಿನ ಮೇಲಿಟ್ಟು, ಇದೇ ಸೊನ್ನೆ ರೇಖಾಂಶ, ಗ್ರೀನಿಚ್ ಮೇಲೆ ಹಾಯುತ್ತದೆ, ಜಗತ್ತಿನ ಗಡಿಯಾರವೆಲ್ಲ ಇಲ್ಲಿಂದ ಶುರು ಎಂದು ಪಾಠ ಮಾಡಿದವರು. ಪ್ರತಿ ವರ್ಷವೂ ಯಾವನಾದರೂ ಒಬ್ಬ ಹುಡುಗ ಎದ್ದು, "ಸರ, ನೀವು ನೋಡೀರೇನ್ರಿ?" ಎಂದು ಕೇಳುತ್ತಿದ್ದನಂತೆ. ಇಲ್ಲ ಎಂದು ಹೇಳಿ ಹೇಳಿ ನಿವೃತ್ತರಾದರು. ನಮ್ಮ ಮನೆಗೆ ಬಂದು ಆರು ವಾರವಾಗಿತ್ತು. ಬಾಯಿಬಿಟ್ಟು ಕೇಳಿದ್ದು ಒಂದೇ: "ಅಳಿಯಂದ್ರ, ಆ ಗೆರಿ ಮ್ಯಾಲೆ ಒಂದ ಸಲ ನಿಲ್ಲಬೇಕು ನೋಡ್ರಿ." ನಾಳೆ ನಾಳೆ ಎಂದು ನಾನು ಮುಂದೂಡುತ್ತ ಬಂದು, ಕೊನೆಗೆ ಉಳಿದದ್ದು ಆ ಶನಿವಾರ ಒಂದೇ. ಭಾನುವಾರ ಬೆಳಿಗ್ಗೆ ಅವರ ವಿಮಾನ. ಆ ಗೆರೆಯಿರುವ ಗ್ರೀನಿಚ್ ವೀಕ್ಷಣಾಲಯದ ಬಾಗಿಲು ಹಾಕುವುದು ಸಂಜೆ ಐದಕ್ಕೆ.

ಅದೂ ಅಲ್ಲದೆ ಮಾವನವರ ಬಳಿ ನನ್ನದೊಂದು ಹಳೆಯ ಬಾಕಿ ಇತ್ತು. ಹೆಣ್ಣು ನೋಡಲು ಹೋದಾಗ ಅವರು, "ಕರ್ಕಾಟಕ ಸಂಕ್ರಾಂತಿ ವೃತ್ತ ಎಲ್ಲೆಲ್ಲಿ ಹಾಯತದ?" ಎಂದು ಕೇಳಿದ್ದರು. ನಾನು "ಬೆಂಗಳೂರು" ಎಂದಿದ್ದೆ. ಮಗಳನ್ನು ಕೊಟ್ಟರು, ಅಂಕ ಮಾತ್ರ ಕೊಡಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿದ್ದಾಗ ನಾನು ಬಾಗಿಲ ಬಳಿ ಸೇನಾಪತಿಯಂತೆ ನಿಂತಿದ್ದೆ. ಅತ್ತೆಯವರು ಇಳಕಲ್ ಸೀರೆಯ ಕೆಳಗೆ ಮಗಳ ಸ್ಪೋರ್ಟ್ಸ್ ಶೂ ಹಾಕಿಕೊಳ್ಳಲು ಹೊರಟವರು ಹಾಗೆಯೇ ನಿಂತರು. ಊರಿಂದ ತಂದು ಅಡಿಗೆಮನೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರ್ ಕಡೆ ಕೈ ತೋರಿಸಿದರು.

"ಶನಿವಾರ. ಒಂಬತ್ತರಿಂದ ಹತ್ತೂವರಿ ರಾಹುಕಾಲ. ಹೊಸಲಿ ದಾಟೂದು ಬ್ಯಾಡ."

ಒಂದೂವರೆ ಗಂಟೆ! ನನ್ನ ಪಟ್ಟಿಯ ಪ್ರಕಾರ ಆರು ಸ್ಥಳಗಳು ರಾಹುವಿನ ಬಾಯಿಗೆ. ಆದರೆ ನಾನು ಯೋಜಕ. ಒಂದು ಕ್ಷಣದಲ್ಲಿ ಉಪಾಯ ಹೊಳೆಯಿತು.

"ಅತ್ತಿಯವರ, ಆ ಕ್ಯಾಲೆಂಡರ್ ಎಲ್ಲಿಂದು? ಇಂಡಿಯಾದ್ದು. ಟೈಮೂ ಇಂಡಿಯಾದ್ದು. ಅಲ್ಲಿ ಒಂಬತ್ತು ಅಂದ್ರ ಇಲ್ಲಿ ಬೆಳಗಿನ ನಾಕೂವರಿ. ನೀವು ಮಲಗಿದ್ದಾಗನ ರಾಹು ಬಂದು ಹೋಗ್ಯಾನ."

ಅತ್ತೆ ಯೋಚಿಸಿದರು. ಮುಖ ಅರಳಿತು. "ಹೌದಲ್ಲ, ಖರೇನ," ಎಂದು ಬಲಗಾಲು ಶೂ ಒಳಗೆ ಇಟ್ಟೇಬಿಟ್ಟರು. ಸುವರ್ಣಾ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಹನ್ನೊಂದು ವರ್ಷದಲ್ಲಿ ಇದು ಎರಡನೇ ಸಲ. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮಾತು ಮನೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ಒಂದು ವಾಕ್ಯ ಹೆಚ್ಚಿಗೆ ಆಡಿದೆ.

"ಬೇಕಾದ್ರ ಮಾವಾರನ್ನ ಕೇಳ್ರಿ. ಅವರು ಭೂಗೋಳದವರು."

ಮಾವನವರಿಗೆ ರಾಹುವಿನಲ್ಲಿ ನಂಬಿಕೆಯಿಲ್ಲ. ಆದರೆ ತಪ್ಪು ಲೆಕ್ಕವನ್ನು ಕಂಡರೆ ಅವರು ಸುಮ್ಮನಿರುವವರಲ್ಲ. ಕನ್ನಡಕ ಏರಿಸಿದರು.

"ಹಂಗಲ್ಲ ಅಳಿಯಂದ್ರ. ರಾಹುಕಾಲ ಗಡಿಯಾರದ ಮ್ಯಾಲೆ ಇಲ್ಲ, ಸೂರ್ಯನ ಮ್ಯಾಲೆ ಅದ. ನೀವು ಎಲ್ಲಿ ಇರ್ತೀರಿ ಅಲ್ಲಿ ಸೂರ್ಯ ಹುಟ್ಟಿದಾಗಿಂದ ಮುಳುಗೂತನಕ ಎಂಟು ಭಾಗ ಮಾಡಬೇಕು. ಶನಿವಾರಕ್ಕ ಮೂರನೇದು. ನಾ ನಂಬಂಗಿಲ್ಲ, ಆದ್ರ ಲೆಕ್ಕ ಮಾಡಿದ್ರ ಸರಿ ಮಾಡಬೇಕು."

ಪೆನ್ನು ತೆಗೆದು, ನನ್ನ ಪಟ್ಟಿಯನ್ನೇ ತಿರುವಿ, ಅದರ ಬೆನ್ನ ಮೇಲೆ ಲೆಕ್ಕ ಮಾಡಿದರು. ಜೂನ್ ತಿಂಗಳ ಲಂಡನ್. ಸೂರ್ಯ ಐದಕ್ಕೆ ಮೊದಲೇ ಹುಟ್ಟಿ ಒಂಬತ್ತರ ಮೇಲೆ ಮುಳುಗುವ ದೇಶ. ಹಗಲು ಉದ್ದವಾದಷ್ಟೂ ರಾಹುವಿನ ಪಾಲೂ ಉದ್ದ. ಉತ್ತರ ಬಂತು: ಎಂಟು ಐವತ್ತಮೂರರಿಂದ ಹತ್ತು ಐವತ್ತೇಳು. ಒಂದೂವರೆ ಗಂಟೆಯ ರಾಹುಕಾಲವನ್ನು ನಾನು ಎರಡು ಗಂಟೆ ನಾಲ್ಕು ನಿಮಿಷಕ್ಕೆ ಬೆಳೆಸಿದ್ದೆ. ಅತ್ತೆಯವರು ಬಲಗಾಲನ್ನು ಶೂವಿನಿಂದ ಹೊರತೆಗೆದು, ಸೋಫಾದ ಮೇಲೆ ಕುಳಿತು, "ಚಹಾ ಇಡ, ಸುವರ್ಣಾ," ಎಂದರು.

ಹತ್ತು ಐವತ್ತೆಂಟಕ್ಕೆ ಹೊರಟೆವು. ಪಟ್ಟಿಯ ಹನ್ನೆರಡು ಸ್ಥಳಗಳನ್ನು ಟ್ಯೂಬ್ ರೈಲಿನಲ್ಲೇ ಹೊಡೆದು ಹಾಕಿ ಎರಡಕ್ಕೆ ಇಳಿಸಿದೆ: ಲಂಡನ್ನಿನ ತೆರೆದುಕೊಳ್ಳುವ ಸೇತುವೆ, ಅಲ್ಲಿಂದ ದೋಣಿಯಲ್ಲಿ ಸೀದಾ ಗ್ರೀನಿಚ್. ಲಂಡನ್ ಬ್ರಿಜ್ ನಿಲ್ದಾಣದಲ್ಲಿ ಇಳಿದು ಸೇತುವೆಯ ನಡುವೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣ ಶುರು ಮಾಡಿದೆ. ಈ ಸೇತುವೆ ನಡುವೆ ಸೀಳಿ ಎರಡೂ ಕಡೆ ಮೇಲೆದ್ದು ನಿಲ್ಲುತ್ತದೆ, ಕೆಳಗೆ ಹಡಗು ಹೋಗುತ್ತದೆ, ಜಗತ್ತಿನ ಅದ್ಭುತ ಎಂದೆಲ್ಲ ಹೇಳಿದೆ.

ಅತ್ತೆ ಕಾಲ ಕೆಳಗೆ ನೋಡಿಕೊಂಡರು. "ಹಂಗಾರ ನಾವು ಇದರ ಮ್ಯಾಲೆ ನಿಂತೀವಲ್ಲ, ಬೀಳಂಗಿಲ್ಲೇನು?"

"ಮೊದಲ ಗಂಟಿ ಬಾರಸ್ತಾರ್ರಿ," ಎಂದೆ. ಗಂಟೆ ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ.

ಕಾದೆವು. ಸೇತುವೆ ಏಳಲಿಲ್ಲ. ಬಸ್ಸುಗಳು ಹೋದವು, ಬಂದವು. ಅತ್ತೆ ಬುತ್ತಿ ಬಿಚ್ಚಿದರು. ಗೋಡೆಗೆ ಒರಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಿಂದೆವು. ಸೇತುವೆ ಆಗಲೂ ಏಳಲಿಲ್ಲ.

"ರೀ, ಇದು ಅದಲ್ಲ ಅನಸ್ತದ," ಎಂದಳು ಸುವರ್ಣಾ ಮೆಲ್ಲಗೆ.

"ಸುಮ್ನಿರ. ಇವತ್ತ ಶನಿವಾರ, ಅದಕ್ಕ ರಜಾ ಇರಬೇಕು," ಎಂದೆ ನಾನು, ಎಲ್ಲರಿಗೂ ಕೇಳುವಂತೆ.

ಆ ಮಾತು ಮುಗಿಯುವುದಕ್ಕೂ, ದೂರದಲ್ಲಿ ಇನ್ನೊಂದು ಸೇತುವೆ, ಎರಡು ಗೋಪುರಗಳಿರುವ, ನನ್ನ ಫ್ರಿಜ್ಜಿನ ಮೇಲೆ ಆರು ವರ್ಷದಿಂದ ಅಂಟಿಕೊಂಡಿರುವ ಅದೇ ಸೇತುವೆ, ನಿಧಾನವಾಗಿ ಎರಡೂ ತೋಳು ಮೇಲೆತ್ತುವುದಕ್ಕೂ ಸರಿಹೋಯಿತು. ಅದರ ಕೆಳಗೆ ಒಂದು ಹಾಯಿ ಹಡಗು ಠೀವಿಯಿಂದ ದಾಟಿತು. ನಾಲ್ವರೂ ನೋಡಿದೆವು.

"ಅದಕ್ಕ ರಜಾ ಇಲ್ಲ ಕಾಣತದ," ಎಂದರು ಮಾವ, ರೊಟ್ಟಿ ಮುರಿಯುತ್ತ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು. "ಇಲ್ಲಿಂದ ನೋಡಿದ್ರನ ಛಂದ ಕಾಣತದ, ಅದಕ್ಕ ಇಲ್ಲಿ ನಿಲ್ಲಿಸಿದ್ದೆ," ಎಂದೆ. ನಂತರ ಎಲ್ಲರನ್ನೂ ಅವಸರದಿಂದ ದೋಣಿ ಕಟ್ಟೆಗೆ ಇಳಿಸಿ, ಹೊರಡಲು ಸಿದ್ಧವಾಗಿದ್ದ ದೋಣಿಗೆ ಓಡಿಸಿ ಹತ್ತಿಸಿದೆ. ಗಂಟೆ ಎರಡಾಗುತ್ತ ಬಂದಿತ್ತು. ಅರ್ಧ ಗಂಟೆಯ ಪ್ರಯಾಣ, ಇನ್ನೂ ಬೇಕಾದಷ್ಟು ಸಮಯವಿದೆ. ಕಾಲು ಚಾಚಿ ಕುಳಿತೆ.

ಐದು ನಿಮಿಷಕ್ಕೆ ಮಾವ ಕೇಳಿದರು, "ಅಳಿಯಂದ್ರ, ಗ್ರೀನಿಚ್ ಯಾವ ದಿಕ್ಕಿಗೆ ಅದ?"

"ಪೂರ್ವಕ್ಕರಿ."

"ಈಗ ಮಧ್ಯಾಹ್ನ. ಸೂರ್ಯ ದಕ್ಷಿಣದಾಗ ಇರಬೇಕು. ನಮ್ಮ ಎಡಗೈಗೆ ಅದಾನ. ಹಂಗಾರ ನಾವು ಎತ್ತ ಹೊಂಟೇವಿ?"

ನಾನು ಎಡಗೈ ನೋಡಿಕೊಂಡೆ. ಬಲಗೈ ನೋಡಿಕೊಂಡೆ. ಬೆವರು ಎರಡೂ ಕೈಗೆ ಸಮವಾಗಿ ಬಂದಿತ್ತು. ಒಂದು ಪೆಟ್ಟಿಗೆಯನ್ನೂ ತಪ್ಪು ದಿಕ್ಕಿಗೆ ಕಳಿಸದ ನಾನು, ಹೆಣ್ಣು ಕೊಟ್ಟ ಮಾವನನ್ನೇ ಪಶ್ಚಿಮಕ್ಕೆ ಲೋಡ್ ಮಾಡಿದ್ದೆ.

ಆದರೆ ನೋಡಿ, ದೈವ ದೊಡ್ಡದು. ಆ ತಪ್ಪು ದೋಣಿ ನಮ್ಮನ್ನು ದೊಡ್ಡ ಗುಮ್ಮಟ, ದೊಡ್ಡ ಚಕ್ರ, ಗಡಿಯಾರದ ಗೋಪುರ ಎಲ್ಲದರ ಮುಂದೆಯೂ ಮೆರವಣಿಗೆಯಲ್ಲಿ ಒಯ್ದಿತು. ನಾನು ಪಟ್ಟಿಯಿಂದ ಹೊಡೆದು ಹಾಕಿದ್ದ ಸ್ಥಳಗಳಲ್ಲಿ ಏಳು ತಾವಾಗಿಯೇ ಎದುರಿಗೆ ಬಂದವು. ಹೊಳೆಯ ಗಾಳಿಗೆ ಅತ್ತೆಯವರು ಸೆರಗು ಬಿಗಿದುಕೊಂಡು ಪರಮ ಸಂತೋಷದಲ್ಲಿದ್ದರು. ಗಡಿಯಾರವನ್ನು ಮಾತ್ರ ಒಪ್ಪಲಿಲ್ಲ.

"ಇಷ್ಟ ಏನು? ಮ್ಯಾಗ್ನೆಟ್‌ನಾಗ ದೊಡ್ಡದ ಕಾಣತಿತ್ತು," ಎಂದರು.

ವೆಸ್ಟ್‌ಮಿನ್‌ಸ್ಟರಿನಲ್ಲಿ ಇಳಿದಾಗ ಎರಡೂವರೆ. ಈಗ ದೋಣಿಯ ಸಹವಾಸವೇ ಬೇಡ ಎಂದು ಟ್ಯೂಬಿನ ನಕ್ಷೆ ನೋಡಿದೆ. ನಾರ್ತ್ ಗ್ರೀನಿಚ್ ಎಂಬ ನಿಲ್ದಾಣ ಕಣ್ಣಿಗೆ ರಾಚಿತು. ಎಲ್ಲೂ ಬದಲಾಯಿಸಬೇಕಾಗಿಲ್ಲ, ಒಂದೇ ಬಂಡಿ. ಇದಕ್ಕಿಂತ ಸುಲಭ ಇನ್ನೇನು?

"ಉತ್ತರ ಗ್ರೀನಿಚ್ ಅಂದ್ರ ಗ್ರೀನಿಚ್‌ಗೆ ಉತ್ತರಕ್ಕ ಅದ ಅಂತ ಅರ್ಥ. ನಮಗ ಬೇಕಾದ್ದು ಎಷ್ಟ ದೂರ?" ಎಂದರು ಮಾವ.

"ಎರಡ ಹೆಜ್ಜಿ ಮಾವಾರ."

ಆ ಎರಡು ಹೆಜ್ಜೆಯನ್ನು ನಾವು ಮೂರೂಕಾಲಿಗೆ ಇಡಲು ಶುರು ಮಾಡಿದೆವು. ನಿಲ್ದಾಣದ ಹೊರಗೆ ಬಸ್ಸುಗಳು ನಿಂತಿದ್ದವು. "ಬಸ್ ಹತ್ತೂಣ್ರಿ," ಎಂದಳು ಸುವರ್ಣಾ. ದಿಕ್ಕು ತಪ್ಪಿ ಮಾನ ಕಳೆದುಕೊಂಡವನಿಗೆ ಬಸ್ಸಿನ ನಂಬರ್ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಫೋನಿನ ನಕ್ಷೆಯಲ್ಲಿ ಅದು ಕೇವಲ ಎರಡು ಬೆರಳು ದೂರವಿತ್ತು. ನಡೆದೆವು. ಹೊಸ ಫ್ಲಾಟುಗಳು, ಸಿಮೆಂಟಿನ ಧೂಳು, ಬೇಲಿ, ಮತ್ತೆ ಫ್ಲಾಟುಗಳು. ಮಾವನವರ ಎಡ ಮೊಣಕಾಲು ಹಿಡಿದುಕೊಂಡಿತು. ಸಿಕ್ಕ ಸಿಕ್ಕ ಕಟ್ಟೆಯ ಮೇಲೆ ಕುಳಿತರು, ಎದ್ದರು, ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಸಂಕಟ. ಬೈದಿದ್ದರೆ ಆಗುತ್ತಿತ್ತು. ಗ್ರೀನಿಚ್ ಪಾರ್ಕಿನ ಗೇಟು ಮುಟ್ಟಿದಾಗ ನಾಲ್ಕೂಮುಕ್ಕಾಲು, ವೀಕ್ಷಣಾಲಯ ಎದುರಿಗಿನ ಗುಡ್ಡದ ನೆತ್ತಿಯ ಮೇಲೆ. ಒಂದು ಕೈ ನಾನು, ಒಂದು ಕೈ ಸುವರ್ಣಾ ಹಿಡಿದು ಮಾವನವರನ್ನು ಹತ್ತಿಸಿದೆವು.

ಮೇಲೆ ಮುಟ್ಟಿದಾಗ ಐದು ಗಂಟೆ ಏಳು ನಿಮಿಷ. ನೀಲಿ ಕೋಟಿನ ಹೆಂಗಸೊಬ್ಬಳು ಗೇಟಿಗೆ ಬೀಗ ಹಾಕುತ್ತಿದ್ದಳು. ಕಬ್ಬಿಣದ ಸರಳುಗಳ ಆಚೆ, ಅಂಗಳದ ಕಲ್ಲಿನ ನಡುವೆ, ಆ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೂವತ್ತು ಹೆಜ್ಜೆಯೂ ಇರಲಿಲ್ಲ.

ನಾನು ಅವಳನ್ನು ಬೇಡಿಕೊಂಡೆ. ಮೂವತ್ತನಾಲ್ಕು ವರ್ಷದ ಪಾಠ, ಸಿಂದಗಿ, ಮೊಣಕಾಲು, ನಾಳೆಯ ವಿಮಾನ ಎಲ್ಲ ಹೇಳಿದೆ. ಅವಳು ನಿಜವಾಗಿಯೂ ಮರುಗಿದಳು. "ನಾಳೆ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತೇವೆ ಸರ್," ಎಂದಳು. ನಾಳೆ ಬೆಳಿಗ್ಗೆ ಹತ್ತಕ್ಕೆ ಮಾವನವರು ಮೋಡದ ಮೇಲಿರುತ್ತಾರೆ.

ನನಗೆ ನಾಚಿಕೆಯಾಯಿತು. ತಮಾಷೆಗಲ್ಲ, ನಿಜವಾಗಿ. ಆರು ವಾರದಲ್ಲಿ ಒಬ್ಬ ಮನುಷ್ಯ ಕೇಳಿದ ಒಂದೇ ಒಂದನ್ನು ನನ್ನ ಒಣ ಜಂಬಕ್ಕೆ ಬಲಿ ಕೊಟ್ಟಿದ್ದೆ. "ಮಾವಾರ, ತಪ್ಪಾತ್ರಿ," ಎಂದೆ. ಅವರು ಸರಳು ಹಿಡಿದು ಗೆರೆಯನ್ನೇ ನೋಡುತ್ತ ನಿಂತಿದ್ದರು.

ಅತ್ತೆಯವರು ಸಮಾಧಾನ ಮಾಡಿದರು. "ಇರಲಿ ಬಿಡ್ರಿ. ಗುಡಿ ಬಾಗಿಲಾ ಹಾಕಿದ್ರ ಹೊರಗಿಂದನ ಕೈ ಮುಗೀತೀವಿಲ್ಲೋ?" ಎಂದು ಬುತ್ತಿ ಚೀಲ ಕೆಳಗಿಟ್ಟು, ಶೂ ಬಿಚ್ಚಿ, ಗೇಟಿಗೆ ಭಕ್ತಿಯಿಂದ ನಮಸ್ಕಾರ ಮಾಡಿದರು. ನೀಲಿ ಕೋಟಿನವಳು ಗಾಬರಿಯಾಗಿ ತಾನೂ ಸ್ವಲ್ಪ ಬಾಗಿದಳು.

ಅದನ್ನು ನೋಡಿ ಮಾವನವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಏ, ಗೇಟಿಗೆ ಯಾಕ ಕೈ ಮುಗೀತಿ?" ಎಂದವರು ಹಾಗೆಯೇ ನಿಂತು ನನ್ನ ಕಡೆ ತಿರುಗಿದರು. ಅದು ಮೇಷ್ಟ್ರ ಮುಖ. ನಾನು ನೆಟ್ಟಗೆ ನಿಂತೆ.

"ಅಳಿಯಂದ್ರ, ಸೊನ್ನೆ ರೇಖಾಂಶ ಎಲ್ಲಿಂದ ಎಲ್ಲೀತನಕ ಹೋಗತದ?"

"ಈ ಗೇಟಿನಿಂದ... ಆ ಗ್ವಾಡಿತನಕರಿ."

"ಉತ್ತರ ಧ್ರುವದಿಂದ ದಕ್ಷಿಣ ಧ್ರುವದತನಕ. ಅದಕ್ಕ ಇವರು ಹೆಂಗ ಕೀಲಿ ಹಾಕತಾರ? ನಿಮ್ಮ ಫೋನ್ ತಗೀರಿ."

ಮುಂದಿನದ್ದು ನನಗೆ ಪಾಠ. ಅಂಗಳದ ಗೆರೆ ಹಳೆಯ ದೂರದರ್ಶಕದ ಕಾಲದ್ದಂತೆ. ಈಗ ಉಪಗ್ರಹಗಳು ಅಳೆಯುವ ಸೊನ್ನೆ ಅಲ್ಲಿಂದ ನೂರು ಮೀಟರ್ ಪೂರ್ವಕ್ಕೆ, ಬಯಲಿನಲ್ಲಿದೆಯಂತೆ. ಅದಕ್ಕೆ ಗೆರೆಯಿಲ್ಲ, ಗೇಟಿಲ್ಲ, ಟಿಕೇಟಿಲ್ಲ. ಫೋನಿನಲ್ಲಿ ರೇಖಾಂಶ ತೋರಿಸುವ ಪುಟ ತೆರೆದು, ಅಂಕಿಯನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದಾಯಿತು. 0.0015 ಪಶ್ಚಿಮ. ನಡೆದೆ. 0.0017. ಇನ್ನೂ ನಡೆದೆ. 0.0019.

"ಹಿಂದಕ್ಕ ಬರ್ರಿ. ನೀವು ಮತ್ತ ಪಶ್ಚಿಮಕ್ಕ ಹೊಂಟೀರಿ," ಎಂದರು ಮಾವ.

ತಿರುಗಿದೆವು. 0.0011. 0.0007. ಗೇಟಿನಲ್ಲಿ ನಮ್ಮಂತೆಯೇ ತಡವಾಗಿ ಬಂದು ಪೆಚ್ಚಾಗಿದ್ದ ಒಂದು ಸ್ಪೇನಿನ ಕುಟುಂಬ, ಕೋಲು ಹಿಡಿದ ಒಬ್ಬ ಇಂಗ್ಲಿಷ್ ಅಜ್ಜಿ, ಇನ್ನೂ ಏಳೆಂಟು ಜನ, ಈ ಮುದುಕ ಏನನ್ನೋ ಹುಡುಕುತ್ತಿದ್ದಾನೆ ಎಂದು ಹಿಂದೆ ಬಂದರು. ಮಾವನವರ ಮೊಣಕಾಲು ಎಲ್ಲಿ ಹೋಯಿತೋ, ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. 0.0003. 0.0001. ಹುಲ್ಲಿನ ಮೇಲೆ, ಒಂದು ಕಸದ ಡಬ್ಬಿಯಿಂದ ನಾಲ್ಕು ಹೆಜ್ಜೆ ಆಚೆ, ಅಂಕಿ ನಿಂತಿತು.

"ಸೊನ್ನೆ!" ಎಂದು ನಾನು ಕೂಗಿದೆ. ಜೀವನದಲ್ಲಿ ಸೊನ್ನೆ ಬಂದಾಗ ಅಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ.

ಮಾವನವರು ಚಪ್ಪಲಿ ಕಳಚಿದರು. ಒಂದು ಪಾದ ಪೂರ್ವಕ್ಕೆ, ಒಂದು ಪಾದ ಪಶ್ಚಿಮಕ್ಕೆ ಇಟ್ಟು ನಿಂತರು. ಆಮೇಲೆ ಯಾರಿಗೋ ಉತ್ತರ ಕೊಡುವವರಂತೆ, "ಹೂಂನಪ್ಪಾ, ನೋಡೇನಿ," ಎಂದರು. ಸುವರ್ಣಾ ಅತ್ತಳು. ನನಗೂ ಅಳು ಬಂತು, ಆದರೆ ಫೋನ್ ಅಡ್ಡ ಹಿಡಿದಿದ್ದರಿಂದ ಯಾರಿಗೂ ಕಾಣಲಿಲ್ಲ.

ಸ್ಪೇನಿನ ಯಜಮಾನ, ಇಲ್ಲಿ ಏನಿದೆ ಎಂದು ಕೇಳಿದ್ದೇ ತಡ, ಮಾವನವರಿಗೆ ತರಗತಿ ಸಿಕ್ಕಿತು. ಮೂವತ್ತನಾಲ್ಕು ವರ್ಷದ ಇಂಗ್ಲಿಷು, ಮಧ್ಯೆ ಮಧ್ಯೆ ವಿಜಯಪುರದ ಕನ್ನಡ. ಕಿತ್ತಳೆ ಹಣ್ಣಿನ ಬದಲು ಅತ್ತೆಯವರ ಶೇಂಗಾ ಉಂಡಿಯನ್ನು ಭೂಮಿ ಮಾಡಿ ತಿರುಗಿಸಿದರು. ಅಲ್ಲಿ ಹಗಲು, ಇಲ್ಲಿ ರಾತ್ರಿ, ಅದಕ್ಕೇ ಈ ಸೊನ್ನೆಗಿಂತ ನಮ್ಮೂರು ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಇವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಈಗ ನಾಲ್ಕೂವರೆ. ಎಲ್ಲರನ್ನೂ ಉತ್ತರ ದಕ್ಷಿಣವಾಗಿ ಸಾಲಾಗಿ ನಿಲ್ಲಿಸಿದರು. ಹದಿನೈದು ಜನ ಕಾಲು ಅಗಲಿಸಿ ಎರಡು ಗೋಲಾರ್ಧಗಳ ಮೇಲೆ ನಿಂತೆವು. ಅಂಗಳದೊಳಗೆ ಟಿಕೇಟು ಕೊಟ್ಟು ನಿಂತವರಿಗೂ ಇಂಥ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ. ಪಾಠ ಮುಗಿದಾಗ ಚಪ್ಪಾಳೆ. ಭೂಮಿಯನ್ನೂ ಅದರ ಜೊತೆಗಿನ ಉಳಿದ ಉಂಡಿಗಳನ್ನೂ ಅತ್ತೆಯವರು ಎಲ್ಲರಿಗೂ ಪ್ರಸಾದದಂತೆ ಹಂಚಿದರು.

ನನ್ನ ಎದೆ ಉಬ್ಬಿತು. ಏನೇ ಆಗಲಿ, ಮಾವನವರನ್ನು ಇಲ್ಲಿಗೆ ಮುಟ್ಟಿಸಿದವನು ಯಾರು? ಸ್ವಲ್ಪ ಸುತ್ತಿಸಿರಬಹುದು. ಯೋಜನೆಯೆಂದ ಮೇಲೆ ಸಣ್ಣಪುಟ್ಟ ಬದಲಾವಣೆ ಇದ್ದದ್ದೇ. ಬುತ್ತಿ ಚೀಲವನ್ನು ಹೆಗಲಿಗೇರಿಸಿ, ಗೈಡಿಗೆ ತಕ್ಕ ಗಾಂಭೀರ್ಯದಿಂದ ಮಾವನವರ ಪಕ್ಕಕ್ಕೆ ಹೋಗಿ ನಿಂತೆ.

ಕೋಲಿನ ಅಜ್ಜಿ ಮಾವನವರ ಕೈ ಕುಲುಕಿ, ಇದೇ ಪಾರ್ಕಿನ ಹತ್ತಿರ ನಲವತ್ತು ವರ್ಷದಿಂದ ಇದ್ದೇನೆ, ಇದನ್ನು ಯಾರೂ ಹೇಳಿರಲಿಲ್ಲ ಎಂದಳು. ಆಮೇಲೆ ನನ್ನನ್ನು ನೋಡಿ, "ಇವರು?" ಎಂದು ಕೇಳಿದಳು.

ನಾನು ಅಂಗಿಯ ಕಾಲರ್ ಸರಿ ಮಾಡಿಕೊಂಡೆ. ಮಾವನವರು ನನ್ನ ಹೆಗಲ ಮೇಲೆ ಕೈ ಹಾಕಿದರು. ಮದುವೆಯಾದ ಮೇಲೆ ಮೊದಲ ಸಲ. ತುಂಬ ಪ್ರೀತಿಯಿಂದ, ತಮ್ಮ ಶುದ್ಧ ಇಂಗ್ಲಿಷಿನಲ್ಲಿ, ಒಂದಕ್ಷರವೂ ಸುಳ್ಳಿಲ್ಲದೆ ಹೇಳಿದರು.

"ನಮ್ಮ ಅಳಿಯಂದಿರು. ಇವರೂ ಇವತ್ತೇ ಮೊದಲ ಸಲ ಲಂಡನ್ ನೋಡಲು ಬಂದಿದ್ದಾರೆ."

ಅಜ್ಜಿಯ ಮುಖ ಕರಗಿತು. ನನ್ನ ಎರಡೂ ಕೈ ಹಿಡಿದುಕೊಂಡಳು. "ಲಂಡನ್ನಿಗೆ ಸ್ವಾಗತ, ಮಗು," ಎಂದಳು.

ಥ್ಯಾಂಕ್ಯೂ ಎಂದೆ.